ಯಂತ್ರವು ಒಪ್ಪುವುದಿಲ್ಲವೆಂಬ ಮಾತು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ಸಲದ ಉತ್ಸವದಲ್ಲಿ ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ನಾನು ಚರಿತ್ರೆಯನ್ನು ಓದಿದವನು, ಬಿ.ಟಿ. ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ಕಲಿತವನು. ಗಣಕದ ಒಳಗೆ ಏನಿದೆಯೆಂಬುದನ್ನು ಬಲ್ಲವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ಬೆಂಗಳೂರಿನಿಂದಲೂ ಹೈದರಾಬಾದಿನಿಂದಲೂ ರಜೆ ಪಡೆದು ಬಂದಿರುವ ಆ ತರುಣರ ಮುಂದೆ ಅವರದೇ ವೃತ್ತಿಯ ಬಗೆಗೆ ನಾನು ಮಾತನಾಡುವುದು ಅಧಿಕಪ್ರಸಂಗವೆನಿಸೀತು. ಆದರೆ ಯಂತ್ರದ ಒಳಗನ್ನು ಅರಿಯದಿದ್ದರೂ, ಅದರ ಎದುರಿಗೆ ನಿಂತು ಹಿಂದಿರುಗಿ ಹೋಗುವವರ ಮುಖವನ್ನು ನಾನು ದಿನವೂ ನೋಡುತ್ತೇನೆ. ಅಷ್ಟರ ಮಟ್ಟಿಗೆ ಮಾತನಾಡುವ ಅಧಿಕಾರ ನನಗುಂಟೆಂದು ಭಾವಿಸಿ ಒಪ್ಪಿಕೊಂಡೆನು.

ನಮ್ಮ ಆದವಾನಿಯಲ್ಲಿ ಇಂದು ಹೆಚ್ಚಾಗಿ ಕಿವಿಗೆ ಬೀಳುವ ವಾಕ್ಯ ಯಾವುದು? ‘ಕಂಪ್ಯೂಟರ್ ಒಪ್ಪುತ್ತಿಲ್ಲ’ ಎಂಬುದು. ಬ್ಯಾಂಕಿನಲ್ಲಿ ಇದನ್ನು ಕೇಳುತ್ತೇವೆ, ಗ್ರಾಮ ಸಚಿವಾಲಯದಲ್ಲಿ ಕೇಳುತ್ತೇವೆ, ಜನರು ‘ಸ್ಟೋರು’ ಎಂದು ಕರೆಯುವ ನ್ಯಾಯಬೆಲೆಯ ಅಂಗಡಿಯಲ್ಲಿ ಕೇಳುತ್ತೇವೆ. ನಾಚಿಕೆಯಿಂದ ಹೇಳುತ್ತೇನೆ, ನಮ್ಮ ಶಾಲೆಯ ಕಚೇರಿಯಲ್ಲಿಯೂ ಕೇಳಬಹುದು. ಹಿಂದೆ ಅಧಿಕಾರಿಯಾದವನು ‘ಆಗುವುದಿಲ್ಲ’ ಎಂದರೆ, ‘ಏಕೆ ಆಗುವುದಿಲ್ಲ, ಸ್ವಾಮಿ?’ ಎಂದು ಕೇಳಲು ಎದುರಿಗೊಬ್ಬ ಮನುಷ್ಯನಿದ್ದನು. ಅವನು ಗದರಿಸಬಹುದಾಗಿತ್ತು, ಕೈಯೊಡ್ಡಬಹುದಾಗಿತ್ತು, ಒಮ್ಮೊಮ್ಮೆ ಕರಗಲೂಬಹುದಾಗಿತ್ತು. ಈಗಲಾದರೋ ಎದುರಿಗಿರುವವನೂ ನಮ್ಮಂತೆಯೇ ಯಂತ್ರದ ಮುಖವನ್ನು ನೋಡುತ್ತ ಕುಳಿತಿರುತ್ತಾನೆ. ‘ಆಗುವುದಿಲ್ಲ’ ಎಂದವರು ಯಾರೆಂಬುದೇ ತಿಳಿಯದು.

ಪಡಿತರದ ಉದಾಹರಣೆಯನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ. ನಮ್ಮ ರಾಜ್ಯದಲ್ಲಿ 2015ರಿಂದೀಚೆಗೆ ಪಡಿತರದ ಅಕ್ಕಿಯನ್ನು ಬೆರಳಿನ ಗುರುತನ್ನು ನೋಡಿ ಕೊಡುವ ಪದ್ಧತಿ ಹರಡಿತು. ಕಾರ್ಡುದಾರನು ಗಾಜಿನ ಮೇಲೆ ಬೆರಳನ್ನಿಡುತ್ತಾನೆ. ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ವಿವರವು ದೂರದಲ್ಲಿರುವ ಆಧಾರ್ ಭಂಡಾರಕ್ಕೆ ಹೋಗಿ, ಅಲ್ಲಿ ಮೊದಲೇ ಬರೆದಿಟ್ಟುಕೊಂಡಿರುವ ವಿವರದೊಡನೆ ಹೋಲಿಕೆಯಾಗಿ, ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಉತ್ತರ ಹಿಂದಿರುಗುತ್ತದೆ.

ನಮ್ಮ ಸೀಮೆಯ ಬೆರಳುಗಳ ವಿಷಯವನ್ನು ತಮಗೆ ನಾನು ಹೇಳಬೇಕಾಗಿಲ್ಲ. ಕೋಸಿಗಿ, ಕೌತಾಳಂ, ಹೊಳಗುಂದಿ, ಆಲೂರುಗಳ ಕಡೆಯ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಮೂಟೆ ಕಟ್ಟಿಕೊಂಡು ಗುಂಟೂರಿನ ಕಡೆಗೆ ಹತ್ತಿ ಬಿಡಿಸುವುದಕ್ಕೂ ಮೆಣಸಿನಕಾಯಿ ಕೀಳುವುದಕ್ಕೂ ಹೋಗುತ್ತವೆ. ಒಣಗಿದ ಹತ್ತಿಕಾಯಿಯ ಸಿಪ್ಪೆ ಸೂಜಿಯಂತೆ ಚುಚ್ಚುತ್ತದೆ. ಮೆಣಸಿನಕಾಯಿಯ ಖಾರ ಆ ಗಾಯವನ್ನು ಮಾಯಗೊಡುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಹೀಗೆ ದುಡಿದ ಹೆಂಗಸಿನ ಬೆರಳಿನಲ್ಲಿ ಗೆರೆಗಳೆಲ್ಲಿ ಉಳಿದಾವು? ಆ ಮುದುಕಿಯು ಬೆರಳನ್ನು ಸೆರಗಿನಿಂದ ಒರೆಸಿ ಇಡುತ್ತಾಳೆ, ತಲೆಗೂದಲಿನ ಎಣ್ಣೆಗೆ ಸವರಿ ಇಡುತ್ತಾಳೆ, ಮತ್ತೊಂದು ಬೆರಳನ್ನು ಇಡುತ್ತಾಳೆ. ಯಂತ್ರವು ‘ಇಲ್ಲ’ ಎನ್ನುತ್ತದೆ.

ಇಲ್ಲಿ ನಮ್ಮ ತರುಣ ಇಂಜಿನಿಯರರಲ್ಲೊಬ್ಬನು ಕಳೆದ ವರ್ಷ ನನಗೆ ತಿಳಿಸಿಕೊಟ್ಟ ಒಂದು ಸಂಗತಿಯನ್ನು ಹೇಳಬೇಕು. ಅದು ತಿಳಿದ ಮೇಲೆ ನನ್ನ ಯೋಚನೆಯ ದಿಕ್ಕೇ ಬದಲಾಯಿತು. ಬೆರಳಿನ ಎರಡು ಗುರುತುಗಳು ಯಾವ ಕಾಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುವುದಿಲ್ಲವಂತೆ. ಎಷ್ಟು ಹೋಲಿದರೆ ‘ಹೌದು’ ಎನ್ನಬೇಕು, ಎಷ್ಟಕ್ಕಿಂತ ಕಡಮೆಯಾದರೆ ‘ಇಲ್ಲ’ ಎನ್ನಬೇಕು ಎಂಬುದನ್ನು ಒಬ್ಬ ಮನುಷ್ಯನು ಮೊದಲೇ ಗೊತ್ತುಮಾಡಿ ಯಂತ್ರಕ್ಕೆ ಹೇಳಿಟ್ಟಿರುತ್ತಾನೆ. ಅದು ಜರಡಿಯ ಕಣ್ಣನ್ನು ಗೊತ್ತುಮಾಡಿದಂತೆ. ಕಣ್ಣು ದೊಡ್ಡದಾದರೆ ಜೋಳದ ಜತೆಗೆ ಕಲ್ಲೂ ಇಳಿಯುತ್ತದೆ. ಸಣ್ಣದಾದರೆ ಜೋಳವೇ ಮೇಲೆ ನಿಲ್ಲುತ್ತದೆ. ಕಳ್ಳನೊಬ್ಬನು ನುಸುಳಬಾರದೆಂದು ಕಣ್ಣನ್ನು ಕಿರಿದು ಮಾಡಿದರೆ, ಹಕ್ಕುಳ್ಳ ಮುದುಕಿ ಹೊರಗೆ ನಿಲ್ಲುತ್ತಾಳೆ. ಎರಡೂ ತಪ್ಪುಗಳು ಏಕಕಾಲದಲ್ಲಿ ಇಲ್ಲವಾಗುವ ಜರಡಿಯನ್ನು ಈವರೆಗೆ ಯಾರೂ ಮಾಡಿಲ್ಲ. ಆದಕಾರಣ ಯಾವ ತಪ್ಪನ್ನು ಸಹಿಸಬೇಕು, ಯಾರ ತಲೆಯ ಮೇಲೆ ಹಾಕಬೇಕು ಎಂಬುದನ್ನು ಯಾರೋ ಒಬ್ಬರು ನಿರ್ಣಯಿಸಿಯೇ ಇರುತ್ತಾರೆ. ತಮ್ಮ ಕೊಠಡಿಯಲ್ಲಿ ಕುಳಿತು ಒಂದು ಅಂಕಿಯನ್ನು ಬರೆದ ಆ ಪುಣ್ಯಾತ್ಮರಿಗೆ ತಾವು ನೀತಿಯ ಪ್ರಶ್ನೆಯೊಂದಕ್ಕೆ ಉತ್ತರ ಕೊಡುತ್ತಿದ್ದೇವೆಂದು ಹೊಳೆದಿತ್ತೋ ಇಲ್ಲವೋ! ಯಂತ್ರವು ‘ಒಪ್ಪುವುದಿಲ್ಲ’ ಎಂದು ನಾವು ಹೇಳುವುದು ವ್ಯಾಕರಣಕ್ಕೆ ಸರಿಯಾದರೂ ಸತ್ಯಕ್ಕೆ ಸರಿಯಲ್ಲ. ಆ ವಾಕ್ಯದ ಕರ್ತೃಪದ ಬೇರೆಯೇ ಇದೆ.

ನಾನು ಯಂತ್ರದ್ವೇಷಿಯೆಂದು ತಾವು ತಿಳಿಯಬಾರದು. ಯಂತ್ರ ಬರುವುದಕ್ಕೆ ಮುಂಚೆ ನಮ್ಮಲ್ಲಿ ರಾಮರಾಜ್ಯವೇನೂ ಇರಲಿಲ್ಲ. ಸತ್ತವರ ಹೆಸರಿನ ಕಾರ್ಡುಗಳಿಗೆ ಅಕ್ಕಿ ಇಳಿದು ಲಾರಿಯೇರಿ ಹೋಗುತ್ತಿದ್ದುದನ್ನು ಇಲ್ಲಿರುವ ಹಿರಿಯರು ಬಲ್ಲರು. 1984ರಲ್ಲಿ ಆ ಹುದ್ದೆಯೇ ರದ್ದಾಗುವವರೆಗೆ ಊರಿನ ಕರಣಂ ಬರೆದದ್ದೇ ಶಾಸನವಾಗಿತ್ತು. ಅವನ ಲೇಖನಿ ಒಂದು ಮನೆಯ ಕಡೆಗೆ ವಾಲಿದರೆ ಇನ್ನೊಂದು ಮನೆಯ ಗದ್ದೆಯ ಎಲ್ಲೆ ಸರಿಯುತ್ತಿತ್ತು. ಗುಂಟೂರಿಗೆ ಹೋದ ಕೂಲಿಯವನು ಹಿಂದೆ ಊರಿನ ಪಡಿತರವನ್ನು ಬಿಟ್ಟೇ ಹೋಗಬೇಕಾಗಿತ್ತು. ಈಗ ಯಂತ್ರದ ದೆಸೆಯಿಂದ ಅಲ್ಲಿಯೇ ತೆಗೆದುಕೊಳ್ಳಬಹುದು. 2019ರ ಆಗಸ್ಟ್‌ನಲ್ಲಿ ಆಂಧ್ರ ತೆಲಂಗಾಣಗಳ ನಡುವೆಯೂ ಈ ಏರ್ಪಾಡು ಆರಂಭವಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಕರಣಂ ತಪ್ಪು ಬರೆದರೆ ಕೆಳಗೆ ಅವನ ರುಜು ಇರುತ್ತಿತ್ತು. ತಾಸಿಲ್ದಾರರ ಮುಂದೆ ಅವನನ್ನು ನಿಲ್ಲಿಸಬಹುದಾಗಿತ್ತು. ನನಗಿರುವ ವ್ಯಥೆ ಆ ರುಜುವಿನ ವಿಷಯದಲ್ಲಿ.

ನಮ್ಮ ಹತ್ತಿ ಮಾರುಕಟ್ಟೆಗೆ ಹೋಗಿ ನೋಡಿರಿ. ಅಲ್ಲಿ ಕಾಟಾದ ಮೇಲೆ ತೂಕ ಅಳತೆಯ ಇಲಾಖೆಯವರ ಮುದ್ರೆ ಇರುತ್ತದೆ. ಕಾಲಕಾಲಕ್ಕೆ ಅದನ್ನು ಪರೀಕ್ಷಿಸಿ ಮುದ್ರೆಯೊತ್ತುತ್ತಾರೆ. ಕಾಟಾ ಕೆಟ್ಟಿದ್ದರೆ ದಂಡ ಯಾರಿಗೆಂಬುದು ಮೊದಲೇ ಗೊತ್ತು. ‘ಕಾಟಾ ಹೀಗೆ ತೋರಿಸಿತು, ನಾನೇನು ಮಾಡಲಿ?’ ಎಂದು ಹೇಳಿದ ವರ್ತಕನನ್ನು ರೈತರು ಸುಮ್ಮನೆ ಬಿಡುವುದಿಲ್ಲ. ಒಂದು ಕ್ವಿಂಟಲ್ ಹತ್ತಿಯನ್ನು ತೂಗುವ ಕಬ್ಬಿಣಕ್ಕೆ ಇಷ್ಟೊಂದು ಕಟ್ಟುಪಾಡು ಇರುವಾಗ, ಒಂದು ಸಂಸಾರದ ತಿಂಗಳ ಅನ್ನವನ್ನು ತೂಗುವ ತಂತ್ರಾಂಶಕ್ಕೆ ಅಂಥ ಮುದ್ರೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ವೈದ್ಯನ ಹೆಸರು ವೈದ್ಯರ ಪಟ್ಟಿಯಲ್ಲಿರಬೇಕು. ತಪ್ಪಿ ನಡೆದರೆ ಹೊಡೆದುಹಾಕುತ್ತಾರೆ. ವಕೀಲನಿಗೂ ಹಾಗೆಯೇ. ನಮ್ಮ ದೇಶದಲ್ಲಿ ತಂತ್ರಾಂಶ ಬರೆಯುವವನಿಗೆ ಅಂಥ ಪಟ್ಟಿಯೂ ಇಲ್ಲ, ಹೊಡೆದುಹಾಕುವವರೂ ಇಲ್ಲ. ಅಮೆರಿಕದಲ್ಲಿ 1947ರಲ್ಲಿ ಸ್ಥಾಪಿತವಾದ ಗಣಕತಜ್ಞರ ದೊಡ್ಡ ಸಂಘವೊಂದು ನೀತಿಸಂಹಿತೆಯೊಂದನ್ನು ಮಾಡಿಕೊಂಡು 2018ರಲ್ಲಿ ಅದನ್ನು ಪರಿಷ್ಕರಿಸಿತು. ಒಳ್ಳೆಯದೇ, ಆದರೆ ಅದನ್ನು ಓದಿದ ನಮ್ಮವರೆಷ್ಟು ಮಂದಿ ಎಂಬುದನ್ನು ಇಲ್ಲಿ ಕುಳಿತಿರುವವರೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳಬಹುದು.

ಈ ವಿಷಯವನ್ನು ಇಡೀ ದೇಶದ ಮುಂದೆ ಪ್ರಶ್ನೆಯಾಗಿ ನಿಲ್ಲಿಸಿದವರು ಒಬ್ಬ ಕನ್ನಡಿಗರು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಆ ಯೋಜನೆಯ ನೇತೃತ್ವವನ್ನು 2009ರಲ್ಲಿ ವಹಿಸಿಕೊಂಡ ನಂದನ್ ನಿಲೇಕಣಿಯವರೂ ಬೆಂಗಳೂರಿನವರೇ. ಕಟ್ಟಿದವರೂ ಕೇಳಿದವರೂ ಒಂದೇ ಊರಿನವರೆಂಬುದು ನನಗೆ ಹೆಮ್ಮೆಯ ವಿಷಯವಾಗಿಯೇ ಕಾಣುತ್ತದೆ. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತರು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ನ್ಯಾಯಾಲಯವು ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತು. ಆದರೆ ಶಾಲೆಗೆ ಸೇರಿಸಿಕೊಳ್ಳಲು ಅದನ್ನು ಕಡ್ಡಾಯ ಮಾಡಕೂಡದೆಂದೂ, ಆ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಸಹಾಯವನ್ನು ನಿರಾಕರಿಸಕೂಡದೆಂದೂ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ತೀರ್ಪು ನಮ್ಮ ಕೈಯಲ್ಲಿದೆ. ಅದನ್ನು ಕಚೇರಿಯ ಗೋಡೆಗೆ ಅಂಟಿಸಿರುವ ಮುಖ್ಯೋಪಾಧ್ಯಾಯರೆಷ್ಟು ಮಂದಿಯೆಂದು ಯಾರಾದರೂ ಕೇಳಿದರೆ, ಇತ್ತೀಚಿನವರೆಗೆ ನಾನೂ ತಲೆ ತಗ್ಗಿಸಬೇಕಾಗಿತ್ತು.

ನಿರಾಕರಣೆಯ ಫಲ ಎಲ್ಲಿಯವರೆಗೆ ಹೋದೀತು? 2017ರ ಜುಲೈ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಲ್ಲಿ ಬಡ ದಲಿತ ಕುಟುಂಬವೊಂದರ ಮೂವರು ಸೋದರರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆಧಾರ್ ಜೋಡಣೆಯಾಗದ ಕಾರಣ ಆ ಮನೆಗೆ ತಿಂಗಳುಗಳಿಂದ ಪಡಿತರ ನಿಂತಿತ್ತೆಂದು ನಾಗರಿಕ ಹಕ್ಕುಗಳ ಸಂಘಟನೆಯವರು ಹೋಗಿ ವಿಚಾರಿಸಿ ವರದಿ ಮಾಡಿದರು. ಅಧಿಕಾರಿಗಳು ಸಾವಿಗೆ ಹಸಿವು ಕಾರಣವೆಂಬುದನ್ನು ಒಪ್ಪಲಿಲ್ಲ. ಆ ವಿವಾದವನ್ನು ಇಲ್ಲಿ ತೀರ್ಮಾನಿಸಲು ನಾನು ಯಾರು? ಸಾವಿನ ಕಾರಣದ ಬಗೆಗೆ ಚರ್ಚೆ ನಡೆಯಿತು. ಅಕ್ಕಿಯನ್ನು ನಿಲ್ಲಿಸಿದ ಕೈ ಯಾರದೆಂಬುದರ ಬಗೆಗೆ ಅಷ್ಟು ಚರ್ಚೆ ನಡೆದಂತೆ ಕಾಣಲಿಲ್ಲ.

ಇದು ಬಡ ದೇಶದ ಅವಸ್ಥೆಯೆಂದು ತಿಳಿಯಬೇಡಿರಿ. ಇಂಗ್ಲೆಂಡಿನ ಅಂಚೆ ಇಲಾಖೆಯು 1999ರಿಂದ ತನ್ನ ಶಾಖೆಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ಗಣಕವ್ಯವಸ್ಥೆಯನ್ನು ಇಟ್ಟಿತು. ಅದನ್ನು ನಡೆಸುತ್ತಿದ್ದುದು ಫುಜಿತ್ಸು ಕಂಪೆನಿ. ಸಣ್ಣ ಊರುಗಳ ಅಂಚೆ ಅಂಗಡಿಗಳವರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡು ಕೊರತೆ ಕಾಣತೊಡಗಿತು. ಅವರು ಕೈಯಿಂದ ತುಂಬಿದರು, ಮನೆ ಮಾರಿ ತುಂಬಿದರು. ‘ಯಂತ್ರದಲ್ಲಿ ದೋಷವಿರಬಹುದು’ ಎಂದವರಿಗೆ, ‘ಹೀಗೆ ಹೇಳುತ್ತಿರುವವರು ನೀವೊಬ್ಬರೇ’ ಎಂಬ ಉತ್ತರ ದೊರೆಯಿತು. 2015ರವರೆಗಿನ ಅವಧಿಯಲ್ಲಿ 900ಕ್ಕೂ ಹೆಚ್ಚು ಮಂದಿಗೆ ಕಳವು, ಸುಳ್ಳು ಲೆಕ್ಕ ಎಂಬ ಆಪಾದನೆಗಳ ಮೇಲೆ ಶಿಕ್ಷೆಯಾಯಿತು. ಭಾರತ ಮೂಲದ ಒಬ್ಬ ಹೆಣ್ಣುಮಗಳು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಸೆರೆಮನೆಗೆ ಹೋದಳು. ಯಂತ್ರದಲ್ಲಿ ದೋಷಗಳಿದ್ದುದು ನಿಜವೆಂದು ಅಲ್ಲಿನ ನ್ಯಾಯಾಲಯವು 2019ರ ಡಿಸೆಂಬರ್‌ನಲ್ಲಿ ಹೇಳಿತು. 2024ರ ಜನವರಿಯಲ್ಲಿ ಆ ಕಂಪೆನಿಯ ಯೂರೋಪಿನ ಮುಖ್ಯಸ್ಥರು ಕ್ಷಮೆ ಕೇಳಿ, ದೋಷಗಳು ಮೊದಲಿನಿಂದಲೂ ತಮ್ಮವರಿಗೆ ತಿಳಿದಿದ್ದವೆಂದು ಒಪ್ಪಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು.

ಮೊದಲಿನಿಂದಲೂ ತಿಳಿದಿತ್ತಂತೆ! ಓದಿದವರು, ವಿದ್ಯಾವಂತರು, ಒಳ್ಳೆಯ ಸಂಬಳದವರು, ಬಹುಶಃ ಮನೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವರು. ಅವರಲ್ಲಿ ಕೆಲವರಾದರೂ ಎದ್ದು ನಿಂತು ‘ಈ ಲೆಕ್ಕವನ್ನು ನಂಬಿ ಒಬ್ಬರನ್ನು ಸೆರೆಮನೆಗೆ ಕಳುಹಿಸಬೇಡಿರಿ’ ಎಂದು ನ್ಯಾಯಾಲಯದಲ್ಲಿ ಹೇಳಿದ್ದರೆ?

ಅನ್ಯರ ತಪ್ಪನ್ನು ಇಷ್ಟು ಹೊತ್ತು ಹೇಳಿದೆನು. ಇನ್ನು ನನ್ನದನ್ನು ಹೇಳುತ್ತೇನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳ ಹೆಸರು ಮೂರು ಲಿಪಿಗಳಲ್ಲಿ ಸಂಚರಿಸುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಕನ್ನಡ, ಊರಿನ ಕಾಗದಗಳಲ್ಲಿ ತೆಲುಗು, ಗಣಕದಲ್ಲಿ ಇಂಗ್ಲಿಷು. ಕನ್ನಡ ತೆಲುಗುಗಳ ನಡುವೆ ತೊಂದರೆಯಿಲ್ಲ. ಅವು ಒಂದೇ ತಾಯಿಯ ಲಿಪಿಗಳು, ಗಣಕದ ಯೂನಿಕೋಡ್ ಅಕ್ಷರಪಟ್ಟಿಯಲ್ಲಿಯೂ ಅಕ್ಕಪಕ್ಕದ ಮನೆಗಳಲ್ಲಿಯೇ ಇವೆ. ತೊಡಕು ಬರುವುದು ಇಂಗ್ಲಿಷಿನಲ್ಲಿ. ಉರುಕುಂದದ ಈರಣ್ಣಸ್ವಾಮಿಯ ಹೆಸರನ್ನು ನಮ್ಮ ಸೀಮೆಯಲ್ಲಿ ಮನೆಗೊಬ್ಬರಿಗಾದರೂ ಇಟ್ಟಿರುತ್ತಾರಷ್ಟೆ. ‘ಉರುಕುಂದಪ್ಪ’ ಎಂಬುದನ್ನು ಒಬ್ಬರು ‘ಯು’ ಅಕ್ಷರದಿಂದ ಆರಂಭಿಸುತ್ತಾರೆ, ಇನ್ನೊಬ್ಬರು ‘ವಿ’ ಅಕ್ಷರದಿಂದ. ನಡುವಿನ ‘ರು’ವಿನ ಸ್ವರವನ್ನು ಒಬ್ಬರು ಬರೆಯುತ್ತಾರೆ, ಒಬ್ಬರು ನುಂಗುತ್ತಾರೆ. ‘ಈರಣ್ಣ’ನು ‘ಐ’ನಲ್ಲಿಯೂ ಬರುತ್ತಾನೆ, ಎರಡು ‘ಇ’ಗಳಲ್ಲಿಯೂ ಬರುತ್ತಾನೆ, ‘ವೀರಣ್ಣ’ನಾಗಿಯೂ ಬರುತ್ತಾನೆ. ಕಿವಿಯುಳ್ಳ ಮನುಷ್ಯನಿಗೆ ಇವೆಲ್ಲ ಒಂದೇ. ಗಣಕಕ್ಕೆ ಕಿವಿಯಿಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗನ ತಾಯಿಗೆ ಬರಬೇಕಾಗಿದ್ದ ಸರಕಾರದ ವಿದ್ಯಾಸಹಾಯದ ಹಣ ಬರಲಿಲ್ಲ. ಆಕೆ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೂಲಿ ಮಾಡುವವಳು. ಗಣಕದಲ್ಲಿ ನೋಡಿದೆನು, ಹೆಸರು ತಾಳೆಯಾಗುವುದಿಲ್ಲವೆಂದು ಕೆಂಪಕ್ಷರದಲ್ಲಿ ಬಂದಿತು. ‘ಅಮ್ಮಾ, ನಿನ್ನ ಆಧಾರ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ಸರಿಮಾಡಿಸಿಕೊಂಡು ಬಾ’ ಎಂದು ಕಳುಹಿಸಿದೆನು. ಆಕೆ ಒಂದು ದಿನದ ಕೂಲಿಯನ್ನು ಬಿಟ್ಟು ಹೋದಳು, ಸಾಲು ದೊಡ್ಡದಿತ್ತು. ಮತ್ತೊಂದು ದಿನ ಹೋದಳು. ಯಾವುದೋ ಕಾಗದ ಕೇಳಿದರು. ಮೂರನೆಯ ಸಲ ಕಾರ್ಡಿನಲ್ಲಿ ತಪ್ಪೇ ಇಲ್ಲವೆಂದು ಹಿಂದಕ್ಕೆ ಕಳುಹಿಸಿದರು. ನನ್ನ ಮೇಜಿನ ಮುಂದೆ ನಿಂತಳು. ‘ಕಂಪ್ಯೂಟರ್ ಒಪ್ಪುತ್ತಿಲ್ಲಮ್ಮಾ, ನಾನೇನು ಮಾಡಲಿ?’ ಎಂದೆನು. ಅದಕ್ಕೆ ಆಕೆ, ಕೋಪದಿಂದಲ್ಲ, ಕೇಳಿ ತಿಳಿದುಕೊಳ್ಳುವ ಧ್ವನಿಯಲ್ಲಿಯೇ, ‘ಅದಕ್ಕ ಹೇಳಿಕೊಡೋರು ಯಾರು ಸಾರ್? ಅವರ ಹತ್ರ ನನ್ನ ಕರ್ಕಂಡು ಹೋಗ್ರಿ’ ಎಂದಳು.

ಆ ಸಾಯಂಕಾಲ ಹಳೆಯ ಕಾಗದಗಳನ್ನು ತೆಗೆದು ನೋಡಿದೆನು. ಆಕೆಯ ಕಾರ್ಡು ಸರಿಯಾಗಿಯೇ ಇತ್ತು. ತಪ್ಪಿದ್ದುದು ನಾವು ತುಂಬಿ ಕಳುಹಿಸಿದ ವಿವರದಲ್ಲಿ. ಕೊನೆಯ ದಿನದ ಅವಸರದಲ್ಲಿ ನಾನು ನನ್ನ ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆದು ಇಂಟರ್‌ನೆಟ್ ಅಂಗಡಿಯ ಹುಡುಗನ ಕೈಯಲ್ಲಿಟ್ಟು ಬಂದಿದ್ದೆನು. ಅವನು ದಾಖಲಾತಿ ಪುಸ್ತಕದ ಕನ್ನಡ ಹೆಸರನ್ನು ನೋಡಿ ತನಗೆ ತೋಚಿದಂತೆ ಇಂಗ್ಲಿಷಿನಲ್ಲಿ ಒತ್ತಿದ್ದನು. ಹುಡುಗನನ್ನು ದೂರಲಾರೆ, ನೂರಾರು ಮಕ್ಕಳ ವಿವರವನ್ನು ಒಂದೇ ರಾತ್ರಿ ತುಂಬಿದವನು ಅವನು. ಯಂತ್ರದ ದಫ್ತರದಲ್ಲಿ ಆ ವಿವರವನ್ನು ತುಂಬಿ ಸರಿಯೆಂದು ದೃಢಪಡಿಸಿದವನು ನಾನು. ನನ್ನ ಹೆಸರು, ದಿನಾಂಕ, ಗಂಟೆ, ನಿಮಿಷಗಳೊಡನೆ ಅಲ್ಲಿದೆ. ಆಕೆ ಹುಡುಕುತ್ತಿದ್ದ, ಯಂತ್ರಕ್ಕೆ ‘ಹೇಳಿಕೊಡುವವನು’ ಆಕೆಯ ಎದುರಿಗೇ ಕುರ್ಚಿಯಲ್ಲಿ ಕುಳಿತಿದ್ದನು.

ಶಿಕ್ಷಕರಾದ ನಮಗೆ ಈ ಕೆಲಸವೆಲ್ಲ ಹೊರೆಯೆಂಬುದು ನಿಜ. ಕೆಲವು ವರ್ಷಗಳ ಹಿಂದೆ ಪಾಠವನ್ನು ಬದಿಗಿಟ್ಟು ಶೌಚಾಲಯಗಳ ಭಾವಚಿತ್ರವನ್ನು ತೆಗೆದು ಕಳುಹಿಸುವ ಭಾಗ್ಯವೂ ನಮ್ಮದಾಗಿತ್ತು; ಬಿ.ಟಿ. ತರಗತಿಯಲ್ಲಿ ಆ ವಿದ್ಯೆಯನ್ನು ಹೇಳಿಕೊಟ್ಟಿರಲಿಲ್ಲ. ಆದರೆ ಹೊರೆಯಾಯಿತೆಂದು ಮಕ್ಕಳ ವಿವರವನ್ನು ಚೀಟಿಯಲ್ಲಿ ಕೊಟ್ಟುಬಿಡುವ ಅಧಿಕಾರ ನಮಗಿಲ್ಲ. 2023ರಲ್ಲಿ ಆದ ವೈಯಕ್ತಿಕ ದತ್ತಾಂಶದ ಕಾಯಿದೆಯು 18 ವರ್ಷ ತುಂಬದವರ ವಿವರಗಳಿಗೆ ತಂದೆ ತಾಯಿಗಳ ಸಮ್ಮತಿ ಬೇಕೆನ್ನುತ್ತದೆ. ಕಾಯಿದೆಯು ಹೇಳದಿದ್ದರೂ, ಮಕ್ಕಳನ್ನು ನಂಬಿ ಒಪ್ಪಿಸಿದವರ ವಿಷಯದಲ್ಲಿ ಅಷ್ಟಾದರೂ ಬೇಡವೆ?

ನಮ್ಮ ತರುಣರಲ್ಲಿ ನನ್ನದೊಂದು ಬಿನ್ನಹ. ನೀವು ಬರೆಯುವ ಒಂದೊಂದು ಆಜ್ಞೆಯ ತುದಿಯಲ್ಲಿಯೂ ಒಬ್ಬ ಮನುಷ್ಯನಿರುತ್ತಾನೆಂದು ನಾನು ಉಪದೇಶ ಮಾಡುವುದಿಲ್ಲ. ನಿಮಗದು ತಿಳಿದೇ ಇದೆ. ನಾನು ಕೇಳುವುದು ಸಣ್ಣ ಕೆಲಸ. ನಿಮ್ಮ ಯಂತ್ರವು ‘ಇಲ್ಲ’ ಎನ್ನುವಾಗ, ಏಕೆ ಇಲ್ಲವೆಂಬುದನ್ನು ಆ ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿ. ಯಾರ ಬಳಿಗೆ ಹೋಗಬೇಕೆಂಬುದನ್ನು ಹೇಳಲಿ. ಬೆರಳು ತಪ್ಪಿದರೆ ಇನ್ನೊಂದು ದಾರಿಯನ್ನು ತೆರೆಯಲಿ. ಅಂಥ ದಾರಿಯನ್ನು ಇಡಲು ವೇಳೆಯಿಲ್ಲವೆಂದು ನಿಮ್ಮ ಮೇಲಿನವರು ಹೇಳಿದರೆ, ಆ ಮಾತನ್ನು ಬರವಣಿಗೆಯಲ್ಲಿ ಕೊಡಿರೆಂದು ಕೇಳಿರಿ. ಕೆಲಸ ಹೋದೀತೆಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ತಂದೆ ತಾಯಿಗಳು ಸಾಲ ಮಾಡಿ ಓದಿಸಿದ ಮಕ್ಕಳು ನೀವು. ಆದುದರಿಂದಲೇ ಒಬ್ಬೊಬ್ಬರಾಗಿ ಅಲ್ಲ, ನಾಲ್ಕು ಜನ ಸೇರಿ ಕೇಳಿರಿ. ವೈದ್ಯರೂ ವಕೀಲರೂ ತಮ್ಮ ವೃತ್ತಿಯ ಮರ್ಯಾದೆಯನ್ನು ಕಟ್ಟಿಕೊಂಡದ್ದು ಹೀಗೆ ಸೇರಿಯೇ. ಯಂತ್ರವು ತಾನೇ ಪತ್ರ ಬರೆಯುವ, ತಾನೇ ತೀರ್ಮಾನ ಹೇಳುವ ಕಾಲ ಈಗ ಬಂದಿದೆ. ಕರ್ತೃಪದವನ್ನು ಮರೆಮಾಡುವುದು ಇನ್ನೂ ಸುಲಭವಾಗಲಿದೆ.

ಆ ತಾಯಿಯ ವಿವರವನ್ನು ತಿದ್ದಿ ಕಳುಹಿಸಿದೆವು. ತಡವಾಗಿಯಾದರೂ ಹಣ ಬಂದಿತು. ಹೋದ ಮೂರು ದಿನಗಳ ಕೂಲಿ ಬರಲಿಲ್ಲ. ಅದನ್ನು ನಾನು ಕೊಡಹೋದರೆ ಆಕೆ ಮುಟ್ಟಲಿಲ್ಲ.

ಆಮೇಲೆ ಶಾಲೆಯ ಕಚೇರಿಯಲ್ಲಿ ಒಂದು ರೂಲು ಹಾಕಿದ ಪುಸ್ತಕವನ್ನು ಇಟ್ಟಿದ್ದೇವೆ. ಯಂತ್ರವು ಯಾರಿಗೆ, ಎಂದು, ಯಾವ ಕೆಲಸಕ್ಕೆ ‘ಇಲ್ಲ’ ಎಂದಿತು, ಅದನ್ನು ಸರಿಪಡಿಸುವ ಹೊಣೆಯನ್ನು ನಮ್ಮಲ್ಲಿ ಯಾರು ಹೊತ್ತರು ಎಂಬುದನ್ನು ಅದರಲ್ಲಿ ಬರೆದು, ಹೊಣೆ ಹೊತ್ತವರು ರುಜು ಹಾಕುತ್ತಾರೆ. ಬಂದವರೂ ರುಜು ಹಾಕುತ್ತಾರೆ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ಗಾಜಿನ ಮೇಲೆ ಮೂಡದ ಬೆರಳುಗಳು ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದಾಗ ಅಷ್ಟಿಷ್ಟಾದರೂ ಮೂಡುತ್ತವೆ. ಆ ಪುಸ್ತಕವನ್ನು ಇಂದು ಗ್ರಂಥಾಲಯದ ಮೇಜಿನ ಮೇಲೆ ಇಡಿಸಿದ್ದೇನೆ. ಊಟವಾದ ಮೇಲೆ ನಮ್ಮ ಇಂಜಿನಿಯರರೆಲ್ಲರೂ ಹತ್ತು ನಿಮಿಷ ಬಂದು ಅದನ್ನು ಮಗುಚಿ ನೋಡಬೇಕೆಂದೂ, ತಮ್ಮಿಂದ ಆಗಬಹುದಾದ ಸಾಲಿನ ಎದುರಿಗೆ ತಮ್ಮ ಹೆಸರನ್ನು ಬರೆಯಬೇಕೆಂದೂ ಕೋರುತ್ತೇನೆ. ಲೇಖನಿಯನ್ನೂ ಅಲ್ಲಿಯೇ ಇಟ್ಟಿದೆ.